ಹಾಕಲಾಗಿದೆ

ನಮೂನೆಯ ಆರನೇ ಸಾಲು ಕೇಳುತ್ತದೆ:
ಛಾವಣಿಯ ಮೇಲೆ ಶಾಖನಿರೋಧಕ ಪದರ, ದಪ್ಪ ಎಷ್ಟು?
ನಾನು ತುಂಬಿದ್ದೆ: ಐವತ್ತು ಮಿಲಿಮೀಟರ್, ಹಾಕಲಾಗಿದೆ.
ಕೆಳಗೆ ನನ್ನ ಸಹಿ, ನೋಂದಣಿ ಸಂಖ್ಯೆ,
ನೇರಳೆ ಶಾಯಿಯ ದುಂಡು ಮೊಹರು
ಸ್ವಲ್ಪ ವಾರೆಯಾಗಿ ಬಿದ್ದಿತ್ತು.

ಹಾಕಲಾಗಿದೆ.
ಏಳನೇ ತರಗತಿಯಲ್ಲಿ ಸುಭದ್ರಾ ಟೀಚರು
ಇದರಲ್ಲಿ ಕರ್ತೃ ಎಲ್ಲಿ ಎಂದರೆ ನಾವು ಬಾಯಿ ಬಿಡುತ್ತಿದ್ದೆವು.
ಕರ್ಮಣಿ ಪ್ರಯೋಗ ಮಕ್ಕಳೇ,
ಮಾಡಿದವನು ಹಿಂದೆ ಸರಿಯುತ್ತಾನೆ,
ಕರ್ಮ ಮುಂದೆ ಬರುತ್ತದೆ.
ಹಿಂದಿನ ಬೆಂಚು, ‘ನಮ್ಮ ಕರ್ಮ’ ಎಂದು ನಗುತ್ತಿತ್ತು.

ನಕ್ಷೆಯಲ್ಲಿ ಆ ಪದರವನ್ನು ನಾನೇ ಎಳೆದದ್ದು.
ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಅಲೆಗೆರೆ,
ಕಂಬಳಿಯ ಅಂಚು ಹೊಲಿದ ಹಾಗೆ.
ಪಶ್ಚಿಮದ ಕಿಟಕಿಗೆ ಎರಡೂವರೆ ಅಡಿ ಚಾಚು.
ಗಾಜು ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂದು
ಸಂಹಿತೆಯ ಪುಟಕ್ಕೆ ಬೆರಳಿಟ್ಟು ಲೆಕ್ಕ ಹಾಕಿದ್ದೆ.

ಟ್ರಸ್ಟಿನ ಉತ್ತಯ್ಯ ನಕ್ಕರು:
“ಕೊಡಗಿನಲ್ಲಿ ಸೆಕೆಗೊಂದು ಕಾನೂನಾ?
ನನ್ನ ಚಿಕ್ಕಂದಿನಲ್ಲಿ ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಒಬ್ಬ ಫ್ಯಾನಿನ ಅಂಗಡಿ ಇಟ್ಟ.
ಎರಡೇ ವರ್ಷ. ಆಮೇಲೆ ಕೊಡೆ ಮಾರಿದ.”
ನಾನೂ ನಕ್ಕೆ.
ನಗು ಬಂದದ್ದು ನಿಜ.

ಮಳೆಗೆ ಮುಂಚೆ ಮುಗಿಸಬೇಕಿತ್ತು ಮೊಯ್ದುವಿಗೆ.
ಲೋಡು ಮಂಗಳೂರಿನಿಂದ ಹೊರಟಿದೆ ಅಂದ,
ಸಂಪಾಜೆಯಲ್ಲಿ ನಿಂತಿದೆ ಅಂದ,
ಆಮೇಲೆ ಏನೂ ಅನ್ನಲಿಲ್ಲ.
ಅವನು ಅನ್ನದ್ದನ್ನು ನಾನು ಕೇಳಲಿಲ್ಲ.
ಟೈಲು ಅಚ್ಚುಕಟ್ಟಾಗಿ ಕೂತಿತ್ತು. ಏಣಿ ಹತ್ತಿ ಫೋಟೊ ತೆಗೆದೆ.
ಟೈಲಿನ ಅಡಿಗೆ ಕ್ಯಾಮೆರಾ ಹೋಗುವುದಿಲ್ಲ.

ಈ ಏಪ್ರಿಲ್. ಹೂಮಳೆ ಎರಡು ಸಲ ಕೈಕೊಟ್ಟಿದೆ.
ಪೈಪು ಸೋರುತ್ತದೆಂದು ಕರೆದರು, ಹೋದೆ.
ನರ್ಸುಗಳ ಹಾಸ್ಟೆಲು, ಮೂರನೇ ಮಹಡಿ, ಮಧ್ಯಾಹ್ನ ಮೂರು.
ರಾತ್ರಿ ಪಾಳಿ ಮುಗಿಸಿದ ಶೈನಿ
ಮಂಚ ಬಿಟ್ಟು ಬರಿನೆಲದಲ್ಲಿ ಮಲಗಿದ್ದಳು.
ಕಿಟಕಿಗೆ ಒದ್ದೆ ಬೆಡ್‌ಶೀಟು,
ತಲೆಯ ಹತ್ತಿರ ಎರಡು ಫ್ಯಾನು,
ಎರಡೂ ಅದೇ ಬಿಸಿಯನ್ನು ಮಗುಚಿ ಮಗುಚಿ ಹಾಕುತ್ತ.
ಎದ್ದು ಕೂತು ಕ್ಷಮೆ ಕೇಳಿದಳು, ನನ್ನಲ್ಲಿ!
“ಮಾಕುಟ್ಟ ದಾಟಿದರೆ ಚಳಿ ಅಂತ
ಅಮ್ಮ ಸ್ವೆಟರ್ ಕೊಟ್ಟು ಕಳಿಸಿದ್ದು, ಚೇಚಿ.
ಇನ್ನೂ ಪೆಟ್ಟಿಗೆಯಲ್ಲೇ ಉಂಟು.
ಮೊನ್ನೆ ಬೆಳಗಿನ ಜಾವ ಡ್ರಿಪ್ಪಿನ ಲೆಕ್ಕ ತಪ್ಪಿತು ನನಗೆ,
ಸೀನಿಯರ್ ನೋಡಿದ್ದಕ್ಕೆ ಆಯ್ತು.”

ಮಂಚ ಹತ್ತಿ, ಮೇಲಿನ ಸ್ಲ್ಯಾಬಿಗೆ ಅಂಗೈ ಇಟ್ಟೆ.
ದೋಸೆ ತೆಗೆದ ಕಾವಲಿ—ಇಲ್ಲ, ಅಷ್ಟಿಲ್ಲ,
ಹೆಚ್ಚು ಮಾಡಿ ಹೇಳಬಾರದು.
ಕಾಯಿಲೆಯ ಮಗುವಿನ ಬೆನ್ನಿನಷ್ಟು.
ನನ್ನ ಸುಳ್ಳಿಗೆ ದಪ್ಪ ಉಂಟು,
ಸ್ಕೇಲಿಟ್ಟು ಅಳೆಯಬಹುದು.

ರಾತ್ರಿ ಪುರಸಭೆಗೆ ಕಾಗದ ಬರೆಯಲು ಕೂತೆ.
ಮೊದಲ ಸಾಲು ತಾನಾಗಿ ಬಂತು:
ನಿರೋಧಕ ಪದರ ಹಾಕಲಾಗಿಲ್ಲವೆಂದು ತಿಳಿದುಬಂದಿದೆ.
ಯಾರಿಗೆ ತಿಳಿದುಬಂತು? ಎಲ್ಲಿಂದ?
ಹೊಡೆದುಹಾಕಿದೆ.
ಗುತ್ತಿಗೆದಾರರು ಹಾಕಿಲ್ಲ.
ಅದೂ ನಿಜ. ಅದನ್ನೂ ಹೊಡೆದೆ.
ನಾನು ನೋಡದೆ ಸಹಿ ಹಾಕಿದೆ.
ನಾಲ್ಕು ಪದ. ಹತ್ತೂವರೆಯಿಂದ ಒಂದರವರೆಗೆ ಹಿಡಿಯಿತು.

ಪರಿಷತ್ತು ನೋಟಿಸು ಕಳಿಸಬಹುದು.
ಉತ್ತಯ್ಯ ಫೋನು ಮಾಡುವುದಂತೂ ಖಂಡಿತ.
ಬೆಳಿಗ್ಗೆ ಎಂಟಕ್ಕೆ ಮೊಯ್ದು ಕಟರ್ ತರುತ್ತಾನೆ,
ಬಿಸಿಲೇರುವ ಮೊದಲು ನಾಲ್ಕು ಟೈಲು ಎತ್ತಿ ನೋಡಬೇಕು.
ಎಂಟು ಅಂದರೆ
ಶೈನಿ ಪಾಳಿ ಮುಗಿಸಿ ಬಂದು ಕಣ್ಣು ಮುಚ್ಚುವ ಹೊತ್ತು,
ಸರಿಯಾಗಿ ಅವಳ ತಲೆಯ ಮೇಲೆ ಕಟರ್.
ಎಲ್ಲಿ ಮಲಗು ಅನ್ನಲಿ ಅವಳಿಗೆ,
ನನಗೆ ಇನ್ನೂ ಗೊತ್ತಾಗಿಲ್ಲ.